ಕಣ್ಣಿರುವ ಮಸೆಗಲ್ಲು

೮ ಜನವರಿ ೧೯೮೪, ಭಾನುವಾರ

ಸಿಕ್ಕಿತು. ಏಳು ವರ್ಷ ಹೊಳಲ್ಕೆರೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಿಸಿಕೊಂಡು ಓಡಾಡಿದ್ದಕ್ಕೆ ಕೊನೆಗೂ ಒಂದು ಕಲ್ಲು ಕೈಗೆ ಬಂತು. ಕುರಿಯವರ ಹಟ್ಟಿಯ ಹಿಂದಿನ ಹಳ್ಳದಲ್ಲಿ ಬಿದ್ದಿತ್ತು. ಗೇಣುದ್ದದ ಬೂದು ಕಲ್ಲು, ಮೈಮೇಲೆ ಸಾಲಾಗಿ ಗೀರುಗಳು. ಎಣಿಸಿದೆ, ಹದಿನೇಳು. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿವೆ.

ಮಂಜುಗಡ್ಡೆಯ ಹಾಸು ನೆಲದ ಮೇಲೆ ಜರುಗುವಾಗ ತನ್ನ ಅಡಿಗೆ ಸಿಕ್ಕಿದ ಕಲ್ಲುಗಳನ್ನು ಹೀಗೆಯೇ ಗೀರಿಕೊಂಡು ಹೋಗುತ್ತದೆ. ಈ ನಮ್ಮ ಒಣ ಸೀಮೆಯಲ್ಲಿ, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ, ಅಂಥ ಹಿಮ ಹಾಸಿಕೊಂಡಿತ್ತು ಅನ್ನುವುದು ನನ್ನ ವಾದ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದ ದಿನ ನಕ್ಕವರ ಮುಖಗಳು ಬಸ್ಸಿನಲ್ಲಿ ಬರುವಾಗ ಒಂದೊಂದಾಗಿ ನೆನಪಾದವು. ಒಬ್ಬೊಬ್ಬರ ಮುಂದೆಯೂ ಮನಸ್ಸಿನಲ್ಲೇ ಈ ಕಲ್ಲನ್ನು ಇಡುತ್ತಾ ಬಂದೆ.

ದಿನಗಳು ಹೆಚ್ಚಿಲ್ಲ. ಮಾರ್ಚ್ ೩೧ಕ್ಕೆ ನನ್ನ ಪಿಎಚ್.ಡಿ. ನೋಂದಣಿ ಮುಗಿಯುತ್ತದೆ, ಇನ್ನು ಮುಂದೂಡುವುದಿಲ್ಲ ಎಂದು ವಿಶ್ವವಿದ್ಯಾಲಯ ಕಾಗದ ಬರೆದಿದೆ. ಗೈಡ್ ಶಿವಕುಮಾರಪ್ಪ ಸರ್ ಸಹಿ ಇಲ್ಲದೆ ಪ್ರಬಂಧ ಒಳಗೆ ಹೋಗುವುದಿಲ್ಲ. ಅವರೋ, "ಕಣ್ಣಿಗೆ ಕಾಣುವ ಒಂದು ಸಾಕ್ಷಿ ತೋರಿಸಿ, ಸಹಿ ಹಾಕುತ್ತೇನೆ" ಎಂದು ಮೂರು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದಾರೆ. ನಲವತ್ತೊಂದನೇ ವಯಸ್ಸಿನಲ್ಲಿ ಇದು ಕೈಬಿಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡುವ ಚೈತನ್ಯ ನನಗಿಲ್ಲ.

ಕುರಿಗಳ ಕಾಟ ಮಾತ್ರ ಹೇಳತೀರದು. ಇವತ್ತು ಒಂದು ಟಗರು ನನ್ನ ನಕ್ಷೆಯನ್ನು ಬಾಯಿಗೆ ಹಾಕಿಕೊಂಡಿತು. ಹೊಸದುರ್ಗ ತಾಲ್ಲೂಕು ಪೂರ್ತಿ ಹೋಯಿತು. ಅದರ ಒಡತಿ, ಕಣ್ಣು ಸರಿಯಾಗಿ ಕಾಣದ ಒಬ್ಬ ಮುದುಕಿ, "ಕಾಗ್ದ ತಿಂದ್ರೆ ಕುರೀಗೆ ಏನೂ ಆಗಾಕಿಲ್ಲ ಬಿಡವ್ವ" ಎಂದು ನನಗೇ ಸಮಾಧಾನ ಹೇಳಿದಳು.

ಮನೆಗೆ ಬಂದಾಗ ಇವರು ಅಂಗಡಿ ಮುಚ್ಚಿ ಬಂದು ಕೂತಿದ್ದರು. ಸಂತೆಪೇಟೆಯಲ್ಲಿ ಮೊಳೆ, ಚಿಲಕ, ಸುತ್ತಿಗೆ ಮಾರುವ ನನ್ನ ಗಂಡ ಮುರುಗಪ್ಪನವರಿಗೆ ಏಳು ವರ್ಷದಿಂದ ಒಂದೇ ತಮಾಷೆ. "ಎಷ್ಟು ಐಸ್ ಸಿಕ್ತೇ ಇವತ್ತು?" ಇವತ್ತು ಉತ್ತರ ಕೊಡದೆ ಕಲ್ಲನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟೆ.

೧೦ ಜನವರಿ, ಮಂಗಳವಾರ

ಸರ್‌ಗೆ ಕಾಗದ ಹಾಕಿದೆ. ನಾಲ್ಕು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಜಂಬ ಹೆಚ್ಚಾಗಿತ್ತು, ಎರಡನೆಯದರಲ್ಲಿ ವಿನಯ ಹೆಚ್ಚಾಗಿತ್ತು, ಮೂರನೆಯದರ ಮೇಲೆ ಕಾಫಿ ಚೆಲ್ಲಿತು. ಸರ್ ಏನಂತಾರೋ. ಕಲ್ಲು ನೋಡಿದ ಮೇಲೆ ಏನೂ ಅನ್ನಲಾರರು.

೧೬ ಜನವರಿ, ಸೋಮವಾರ

೨೨ಕ್ಕೆ ಬರುತ್ತಾರಂತೆ. ಹಳ್ಳವನ್ನೇ ನೋಡಬೇಕಂತೆ. ಸರ್ ಏನಂತಾರೋ ಎಂದು ಬೆಳಗಿನಿಂದ ಹತ್ತು ಸಲ ಅಂದುಕೊಂಡಿದ್ದೇನೆ. ಕ್ಲಾಸಿನಲ್ಲಿ ಸುಣ್ಣಕಲ್ಲಿನ ಪಾಠವನ್ನು ಅದೇ ಹುಡುಗರಿಗೆ ಎರಡನೇ ಸಲ ಮಾಡಿದೆ, ಒಬ್ಬನೂ ಬಾಯಿ ಬಿಡಲಿಲ್ಲ.

೨೨ ಜನವರಿ, ಭಾನುವಾರ

ಬರೆದುಬಿಡುತ್ತೇನೆ. ಬರೆದರೆ ಒಂದು ಸಲಕ್ಕೆ ಮುಗಿಯುತ್ತದೆ.

ಸರ್ ಬಂಡೆಯ ಮೇಲೆ ಕರ್ಚೀಫು ಹಾಸಿ ಕೂತರು. ಎಲ್ಲಿ ಹೋದರೂ ಹಾಗೆಯೇ, ಪ್ಯಾಂಟಿಗೆ ಧೂಳು ತಾಗಬಾರದು. ಕಲ್ಲನ್ನು ತೆಗೆದುಕೊಂಡು ಮಸೂರ ಹಿಡಿದು ಐದು ನಿಮಿಷ ನೋಡಿದರು. ಆಮೇಲೆ "ಗೀರುಗಳು ಚೆನ್ನಾಗಿವೆ" ಎಂದರು. ಏಳು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ನನಗೆ ಕಣ್ಣು ತುಂಬಿ ಬಂತು, ಬಿಸಿಲು ಅಂದುಕೊಳ್ಳಲಿ ಎಂದು ಸೆರಗಿನಿಂದ ಒರೆಸಿಕೊಂಡೆ.

ಅಷ್ಟರಲ್ಲಿ ಹಟ್ಟಿಯ ಪಾಲಯ್ಯ ಕುರಿ ಹೊಡೆದುಕೊಂಡು ಹಳ್ಳಕ್ಕೆ ಇಳಿದ. ಅವತ್ತಿನ ಮುದುಕಿಯ ಗಂಡ. ಸರ್ ಕೈಯಲ್ಲಿದ್ದ ಕಲ್ಲನ್ನು ನೋಡಿ ನಿಂತ.

"ಓ, ಇಲ್ಲೈತಾ. ಒಂದು ತಿಂಗಳಾತು ಹುಡುಕಾಕತ್ತಿ."

"ಏನಪ್ಪ, ಇದು ನಿಂದಾ?" ಸರ್ ಕೇಳಿದರು.

"ಹೂಂ ಸ್ವಾಮಿ. ನಮ್ಮಪ್ಪನ ಕಾಲದ್ದು. ಉಣ್ಣೆ ಕತ್ತರಿ ಮಸೀತೀವಲ್ರಿ, ಮೊನೇನ ಕೊನೀಗೆ ಇದರ ಮ್ಯಾಲೆ ಎಳೀತೀವಿ. ಗೀರು ಅವೆ ನೋಡ್ರಿ, ಒಂದು ಹದಿನೇಳು ಇರಬೇಕು."

ಹೇಳಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಸೊಂಟದಿಂದ ಕತ್ತರಿ ತೆಗೆದು, ಸರ್ ಕೈಯಲ್ಲಿದ್ದ ಹಾಗೆಯೇ ಕಲ್ಲಿನ ಮೇಲೆ ಕಿರ್ ಎಂದು ಎಳೆದು ತೋರಿಸಿದ. ಹದಿನೆಂಟನೇ ಗೀರು ಬಿತ್ತು. ಉಳಿದ ಹದಿನೇಳಕ್ಕೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಸರ್ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಕಲ್ಲನ್ನು ಪಾಲಯ್ಯನಿಗೆ ಕೊಟ್ಟು, ಕರ್ಚೀಫು ಕೊಡವಿ ಮಡಿಚಿ, "ದಾಕ್ಷಾಯಣಮ್ಮ, ಪಕ್ಕದಲ್ಲೇ ತಾಮ್ರದ ಗಣಿ ಇದೆ. ತಾಮ್ರದ ಮೇಲೆ ಬರೆದು ಕೆಟ್ಟವರು ಯಾರೂ ಇಲ್ಲ. ಯೋಚನೆ ಮಾಡಿ" ಎಂದರು. ನಾನು ಕೈಯಲ್ಲಿದ್ದ ಸುತ್ತಿಗೆಯನ್ನು ಅಲ್ಲೇ ಎಸೆದು ರಸ್ತೆಗೆ ನಡೆದೆ.

೨೩ ಜನವರಿ, ಸೋಮವಾರ

ಬರೆಯುವುದೇನೂ ಇಲ್ಲ.

೫ ಫೆಬ್ರವರಿ, ಭಾನುವಾರ

ಹದಿನಾಲ್ಕು ದಿನ ತಾಮ್ರದ ಪುಸ್ತಕ ಓದಿದೆ. ತಾಮ್ರ ನನಗೆ ಬೇಡ. ಸುತ್ತಿಗೆ ಬೇಕು. ಮದುವೆಯಾದ ವರ್ಷ ಇವರು ಅಂಗಡಿಯಿಂದ ಆರಿಸಿ ತಂದುಕೊಟ್ಟ ಸುತ್ತಿಗೆ ಅದು, ಸಿಟ್ಟಿಗೆ ಎಸೆದು ಬರಬಾರದಿತ್ತು. ಅದನ್ನು ತೆಗೆದುಕೊಂಡು ಬಂದು ಈ ಕಥೆಗೆ ಬಾಗಿಲು ಹಾಕೋಣ ಎಂದೇ ಇವತ್ತು ಹೋದದ್ದು.

ಹಳ್ಳದಲ್ಲಿ ಇರಲಿಲ್ಲ. ಹಟ್ಟಿಗೆ ಹೋದೆ. ಅಲ್ಲಿ ಉಣ್ಣೆ ಕತ್ತರಿಸುವ ದಿನ. ಕೆರೆಯಲ್ಲಿ ಮೈ ತೊಳೆಸಿದ ಕುರಿಗಳನ್ನು ಒಂದೊಂದಾಗಿ ಕೆಡವಿಕೊಂಡು ಗಂಡಸರು ಕೂತಿದ್ದಾರೆ. ಅವರ ಕತ್ತರಿ ಮೊಂಡಾದಾಗೆಲ್ಲ ಆ ಮುದುಕಿಯ ಕಡೆ ಚಾಚುತ್ತಾರೆ, ಅವಳು ಮಸೆದು ಕೊಡುತ್ತಾಳೆ. ನನ್ನ ಸುತ್ತಿಗೆ ಅವಳ ಗುಡಿಸಲ ಗೂಟಕ್ಕೆ ನೇತುಹಾಕಿತ್ತು, ಹಿಡಿಗೆ ಎಣ್ಣೆ ಸವರಿದ್ದಳು.

"ಕುಂತ್ಕಳವ್ವ, ಬಿಸ್ಲಾಗೆ ಬಂದೀಯ. ಮಜ್ಜಿಗೆ ಕುಡಿ. ನಮ್ಮೋನು ನಿನ್ನ ಕೈಯಾಗಿನ ಕಲ್ಲು ಇಸ್ಕಂಡು ಬಂದನಂತೆ. ಆ ದೊಡ್ಡೋರ ಮುಂದೆ ಹಂಗೆ ಮಾಡಬಾರ್ದಿತ್ತು. ನಾನು ಬ್ಯಾರೇದು ಕೊಡ್ತೀನಿ ತಗ."

ಬೇಡ ಎಂದರೂ ಕೇಳಲಿಲ್ಲ. ಮುಂದೆ ಒಟ್ಟಿದ್ದ ಹೊಸ ಕಲ್ಲುಗಳಲ್ಲಿ ಒಂದನ್ನು ತೆಗೆದು ಹೆಬ್ಬೆರಳಿನಿಂದ ಸವರಿದಳು. ಇನ್ನೊಂದು ತೆಗೆದಳು, ಸವರಿದಳು, "ಥೂ, ಕಣ್ಣೈತೆ" ಎಂದು ಹಿಂದಕ್ಕೆ ಎಸೆದಳು. ಅದು ಕುರಿ ರೊಪ್ಪದ ಮುಳ್ಳುಬೇಲಿಯ ಬುಡದಲ್ಲಿದ್ದ ಕಲ್ಲುಗುಡ್ಡೆಯ ಮೇಲೆ ಬಿತ್ತು. ಮತ್ತೊಂದು, "ಇದಕ್ಕೂ ಐತೆ." ಅದೂ ಅಲ್ಲಿಗೇ.

ಸುಮ್ಮನೆ ಕೂರಲಾರದೆ ಎದ್ದು ಹೋಗಿ ಒಂದನ್ನು ಎತ್ತಿಕೊಂಡೆ.

ಕಾಗದದಷ್ಟು ತೆಳ್ಳಗಿನ ಪದರಗಳ ಬೂದು ಕಲ್ಲು. ಪದರಗಳ ನಡುವೆ, ಒಂಟಿಯಾಗಿ, ಅಡಿಕೆ ಗಾತ್ರದ ಒಂದು ಬಿಳಿ ಹರಳು. ಅವಳು ಕಣ್ಣು ಅಂದದ್ದು ಇದಕ್ಕೆ.

ಎಂಥ ನೀರಿನಲ್ಲಿ ಇಷ್ಟು ತೆಳು ಪದರ ಕೂರುತ್ತದೆ? ಅಲುಗಾಡದ ಆಳದ ನೀರಿನಲ್ಲಿ, ಕೆಸರು ಒಂದೊಂದು ಎಳೆಯಾಗಿ ತಳ ಸೇರುವಾಗ. ಅಡಿಕೆ ಗಾತ್ರದ ಹರಳನ್ನು ಹೊತ್ತು ತರುವಷ್ಟು ಜೋರಾಗಿ ನೀರು ಹರಿದಿದ್ದರೆ ಆ ಕೆಸರೇ ಉಳಿಯುತ್ತಿರಲಿಲ್ಲ. ಹಾಗಾದರೆ ಹರಳು ಎಲ್ಲಿಂದ ಬಂತು? ಮೇಲಿನಿಂದ ಬಿತ್ತು. ನೀರಿನ ಮೇಲೆ ತೇಲುತ್ತಿದ್ದ ಮಂಜುಗಡ್ಡೆ ಕರಗುತ್ತಾ ತನ್ನ ಹೊಟ್ಟೆಯಲ್ಲಿದ್ದ ಕಲ್ಲನ್ನು ಕೆಳಗೆ ಬಿಟ್ಟಿತು. ಏಳು ವರ್ಷ ಹಳ್ಳದಲ್ಲಿ ಹುಡುಕಿ ಒಂದೂ ಸಿಗದ ಕಲ್ಲು ಇಲ್ಲಿ ಬೇಲಿಯ ಬುಡದಲ್ಲಿ ರಾಶಿ ಬಿದ್ದಿದೆ.

"ಕಣ್ಣಿದ್ದರೆ ಏನಾಗುತ್ತೆ?" ಎಂದು ಕೇಳಿದೆ.

"ಕತ್ತರಿ ಬಾಯಿ ಮುಕ್ಕಾಗ್ತತೆ. ನಮ್ಮತ್ತೆ, ಅವರತ್ತೆ ಕಾಲದಿಂದ್ಲೂ ಕಣ್ಣಿರೋವ್ನೆಲ್ಲ ಬೇಲಿಗೇ ಹಾಕೋದು. ಯಾಕವ್ವ, ಬೇಕಾ? ಒಂದು ಗಾಡಿ ತಗಂಡು ಹೋಗು."

ಹನ್ನೊಂದು ಚಪ್ಪಡಿ ಚೀಲಕ್ಕೆ ತುಂಬಿದೆ. ಪಾಲಯ್ಯ ಅದನ್ನು ತಲೆಯ ಮೇಲೆ ಹೊತ್ತು ಬಸ್ಸಿನ ರಸ್ತೆಯವರೆಗೂ ಬಂದ. ಅವಳ ಹೆಸರು ಬೊಮ್ಮಕ್ಕ ಎಂದು ಅವನು ಹೇಳಿದ ಮೇಲೆಯೇ ಗೊತ್ತಾದದ್ದು.

೮ ಫೆಬ್ರವರಿ, ಬುಧವಾರ

ಕಾಲೇಜಿನ ಅಟೆಂಡರ್ ಜುಂಜಯ್ಯ ಕಲ್ಲು ಕೊಯ್ಯುವ ಯಂತ್ರದಲ್ಲಿ ಮೂರು ಚಪ್ಪಡಿ ಕೊಯ್ದು ಕೊಟ್ಟ. ಕೊಯ್ದ ಮುಖಕ್ಕೆ ನೀರು ಚಿಮುಕಿಸಿದೆ. ಹರಳಿನ ಒಂದು ಕಡೆಯ ಪದರಗಳು ಒಳಕ್ಕೆ ಕುಸಿದು ಹರಿದಿವೆ. ಇನ್ನೊಂದು ಕಡೆಯವು ಹರಳಿನ ಮೇಲೆ ಸೆರಗು ಹೊದಿಸಿದ ಹಾಗೆ ಮೆತ್ತಗೆ ಬಾಗಿ ಹೋಗಿವೆ. ಜುಂಜಯ್ಯ ಕೈ ಒರೆಸಿಕೊಳ್ಳುತ್ತಾ ಬಗ್ಗಿ ನೋಡಿದ.

"ಇದು ಕೆಸರಿಗೆ ಬಿದ್ದಿರೋದಲ್ವೇನ್ರಿ ಮೇಡಂ? ಆಮ್ಯಾಲೆ ಮ್ಯಾಲಿಂದ ಮತ್ತೆ ಕೆಸರು ಕೂತೈತೆ."

ಅವನನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಬೇಕು ಅನ್ನಿಸಿತು. ಫೋಟೋ ತೆಗೆಸಿ ಸರ್‌ಗೆ ಕಳಿಸಿದ್ದೇನೆ. ಇದು ನಾನು ಪತ್ತೆ ಮಾಡಿದ್ದು ಎಂದೇ ಬರೆದೆ. ಈ ಸಲ ಕಾಗದವನ್ನು ಎರಡೇ ಸಲ ಬರೆದೆ.

೧೯ ಫೆಬ್ರವರಿ, ಭಾನುವಾರ

ಸರ್ ಉತ್ತರ ಬಂತು. ಒಂದೇ ಪುಟ.

"ಹಟ್ಟಿಯ ಬೇಲಿಯಿಂದ ಎತ್ತಿದ ಕಲ್ಲು ಹಳ್ಳದಲ್ಲಿ ಯಾವ ಬದಿ ಮೇಲೆ ಮಾಡಿ ಕೂತಿತ್ತು ಎಂದು ಹೇಗೆ ಹೇಳುತ್ತೀರಿ? ಆ ಹಳ್ಳದಲ್ಲಿ ಪದರಗಳೆಲ್ಲ ನೆಟ್ಟಗೆ ನಿಂತಿವೆ. ಕೆಸರು ಕೂತ ಕಾಲದಲ್ಲಿ ಕುಸಿದ ಬದಿ ಕೆಳಗಿನದಾಗಿದ್ದರೆ ಹರಳು ಬಿದ್ದದ್ದು ನಿಜ. ಅದೇ ಬದಿ ಮೇಲಿನದಾಗಿದ್ದರೆ ನೆಲದ ಒತ್ತಡಕ್ಕೆ ಹಿಂಡಿದ್ದು ಅಷ್ಟೆ. ಮೇಲು ಯಾವುದು, ಕೆಳಗು ಯಾವುದು ತೋರಿಸಿ. ಮಾರ್ಚ್ ೧೮ಕ್ಕೆ ಕೊನೆಯ ಸಲ ಬರುತ್ತೇನೆ."

ಸರಿಯಾದ ಪ್ರಶ್ನೆ. ಅದಕ್ಕೇ ಇಷ್ಟು ಸಂಕಟ. ಆ ಹಳ್ಳದ ಪದರಗಳು ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳ ಹಾಗೆ ನಿಂತಿವೆ ಎಂದು ನನಗೆ ಗೊತ್ತಿಲ್ಲವೇ? ಸಂತೋಷದಲ್ಲಿ ಅದನ್ನೇ ಮರೆತಿದ್ದೆ. ಇವರು "ಐಸ್" ಎನ್ನಲು ಬಾಯಿ ತೆರೆದವರು ನನ್ನ ಮುಖ ನೋಡಿ "ಊಟ ಹಾಕ್ಲೇನೇ?" ಎಂದರು.

೨೬ ಫೆಬ್ರವರಿ, ಭಾನುವಾರ

ಬೊಮ್ಮಕ್ಕನ ಹತ್ತಿರ ಯಾಕೆ ಹೋದೆನೋ. ಬೇರೆ ಎಲ್ಲಿ ಹೋಗಬೇಕೋ ತೋಚಲಿಲ್ಲ ಎಂದೇ ಇರಬೇಕು. ಕಂಬಳಿಯ ಮೇಲೆ ಕೂತು ಕತೆಯನ್ನೆಲ್ಲ ಹೇಳಿದೆ. ಹಿಮದ ಗಡ್ಡೆ, ಕೆಸರು, ಬಿದ್ದ ಹರಳು, ಸರ್ ಕೇಳಿದ ಪ್ರಶ್ನೆ. ಅವಳು ಕತ್ತರಿ ಮಸೆಯುವುದನ್ನು ನಿಲ್ಲಿಸದೆ ಕೇಳಿದಳು.

"ಅಷ್ಟೇನಾ? ಮೂಡ್ಲ ಮಕ ಯಾವ್ದು, ಪಡುವಲ ಮಕ ಯಾವ್ದು ಅಂತ ತಾನೇ ಅವರು ಕೇಳೋದು?"

"ಹೂಂ, ಒಂಥರಾ ಹಾಗೇ."

"ಅದಿಲ್ದೆ ಮಸಿಯಾಕೆ ಆಗತ್ತಾ? ಹಳ್ಳದಾಗೆ ನಿಂತಾಗ ಮೂಡ್ಲ ಕಡೀಗೆ ಇದ್ದ ಮಕ ನುಣುಪು ಇರ್ತತೆ. ಪಡುವಲ ಮಕ ತರಿತರಿ. ಯಾವಾಗ್ಲೂ ಮೂಡ್ಲ ಮಕದಾಗೇ ಮಸಿಯೋದು. ತರಿ ಮಕದಾಗೆ ಮಸಿದ್ರೆ ಕತ್ತರಿ ಹಲ್ಲು ಹಲ್ಲಾಗಿ ಕುರಿ ಚರ್ಮ ಹಿಡೀತತೆ. ಕೈ ಕೊಡಿಲ್ಲಿ."

ನನ್ನ ಹೆಬ್ಬೆರಳನ್ನು ಹಿಡಿದು ಒಂದು ಬದಿಗೆ ಒತ್ತಿದಳು, ತಿರುವಿ ಇನ್ನೊಂದು ಬದಿಗೆ ಒತ್ತಿದಳು. ನನಗೆ ಎರಡೂ ಒಂದೇ ಅನ್ನಿಸಿತು. "ಸೀಮೆಸುಣ್ಣ ಹಿಡಿದ ಕೈ" ಎಂದು ನಕ್ಕಳು. ಮೂರನೇ ಸಲಕ್ಕೆ ತಿಳಿಯಿತು. ಬಹಳ ಸಣ್ಣ ತರಿ, ಬಟ್ಟೆಗೆ ಹಾಕಿದ ಗಂಜಿಯಷ್ಟು.

ಮಸೂರ ತೆಗೆದು ಅಂಚನ್ನು ನೋಡಿದೆ. ಪ್ರತಿ ಪದರದಲ್ಲೂ ಪಡುವಲ ಬದಿಗೆ ಸಣ್ಣ ಮರಳು, ಮೂಡಲ ಬದಿಗೆ ಹೋಗುತ್ತಾ ನುಣ್ಣನೆ ಕೆಸರು. ಕದಡಿದ ನೀರಿನಲ್ಲಿ ಮೊದಲು ತಳ ಸೇರುವುದು ಮರಳು, ಕೊನೆಗೆ ಕೂರುವುದು ನುಣುಪು. ಇದನ್ನು ಒಂದನೇ ವರ್ಷದ ಹುಡುಗರಿಗೆ ಹದಿನಾರು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅಂದರೆ ನುಣುಪಿನ ಕಡೆಯೇ ಅಂದಿನ ಮೇಲು. ನೆಲ ಮಗುಚಿ ಪದರಗಳು ಎದ್ದು ನಿಂತಾಗ ಅಂದಿನ ಮೇಲು ಮೂಡಲಿಗೆ ತಿರುಗಿದೆ.

ಹರಳಿನ ಕೆಳಗೆ ಪದರ ಕುಸಿದಿರುವುದು ಯಾವ ಬದಿಗೆ? ಕೊಯ್ದ ಮೂರೂ ಚಪ್ಪಡಿ ಚೀಲದಲ್ಲಿದ್ದವು. ಒಂದೊಂದಾಗಿ ಅವಳಿಂದ ಬದಿ ಸವರಿಸಿ ಮಸೂರ ಹಿಡಿದೆ.

ಮೂರಕ್ಕೆ ಮೂರೂ ಪಡುವಲಿಗೆ.

ಬೊಮ್ಮಕ್ಕನ ಕೈ ಹಿಡಿದುಕೊಂಡು ಅತ್ತುಬಿಟ್ಟೆ. "ಅಳಬ್ಯಾಡ್ರಿ ಅಮ್ಮಾರೆ, ನಾನೇನು ಆ ಕಲ್ಲು ಬೇಕಂತ ಇಸ್ಕಂಡಿದ್ದಲ್ಲ" ಎಂದು ಪಾಲಯ್ಯ ದೂರದಿಂದಲೇ ಹೇಳಿದ.

೨೯ ಫೆಬ್ರವರಿ, ಬುಧವಾರ, ಶಿವರಾತ್ರಿ

ಉಪವಾಸ. ಬೇಲಿಯಿಂದ ಇನ್ನೊಂದಷ್ಟು ತಂದು ಜುಂಜಯ್ಯನಿಂದ ಕೊಯ್ಯಿಸಿ, ಬೆಳಗಿನಿಂದ ಮಹಡಿಯ ಮೇಲೆ ಒಟ್ಟು ನಲವತ್ತಮೂರು ಚಪ್ಪಡಿ ಹರಡಿಕೊಂಡು ಕೂತಿದ್ದೇವೆ. ಮೊನ್ನೆ ಬೊಮ್ಮಕ್ಕ ಒಂದೊಂದನ್ನೂ ಸವರಿ ಹೇಳಿದಂತೆ ಮೂಡಲ ಮುಖದ ಮೇಲೆ ಸುಣ್ಣದ ಗುರುತು ಹಾಕಿ, ಎರಡೂ ಮುಖಕ್ಕೆ ಕಾಗದ ಅಂಟಿಸಿ ಮುಚ್ಚಿದ್ದೆ. ನಾನು ಮಸೂರದಲ್ಲಿ ನೋಡಿ ಹೇಳುವುದು, ಇವರು ಬರೆದುಕೊಂಡು ಆಮೇಲೆ ಕಾಗದ ಕಿತ್ತು ನೋಡುವುದು.

ನಲವತ್ತಮೂರಕ್ಕೆ ನಲವತ್ತಮೂರೂ ಕೂಡಿತು. ಹರಳಿನ ಅಡಿ ಪದರ ಕುಸಿದದ್ದು ಮೂವತ್ತೊಂಬತ್ತರಲ್ಲಿ ಪಡುವಲಿಗೆ. ನಾಲ್ಕರಲ್ಲಿ ಸರಿಯಾಗಿ ಕಾಣುವುದಿಲ್ಲ, ಕಾಣುವುದಿಲ್ಲ ಎಂದೇ ಬರೆಯುತ್ತೇನೆ. ಮೂಡಲಿಗೆ ಒಂದೂ ಇಲ್ಲ.

"ಈ ಬೊಮ್ಮಕ್ಕ ನಮ್ಮ ಅಂಗಡೀಲಿ ಕುಂತಿದ್ರೆ ಒಂದು ಮೊಳೆನೂ ವಾಪಸ್ ಬರ್ತಿರ್ಲಿಲ್ಲ ನೋಡು" ಎಂದರು ಇವರು. ಉಪವಾಸ ಇದೆ ಎನ್ನುವುದು ಇಬ್ಬರಿಗೂ ಮಧ್ಯಾಹ್ನದ ಮೇಲೆ ನೆನಪಾಯಿತು.

೧೧ ಮಾರ್ಚ್, ಭಾನುವಾರ

ಒಂದು ವಾರ ರಜೆ ಹಾಕಿ ಹಳ್ಳವನ್ನು ಪಡುವಲಿಂದ ಮೂಡಲಿಗೆ, ಅಂದರೆ ಹಳೆಯದರಿಂದ ಹೊಸದಕ್ಕೆ, ಟೇಪು ಹಿಡಿದು ಅಳೆದೆವು. ಟೇಪಿನ ಇನ್ನೊಂದು ತುದಿ ಪಾಲಯ್ಯನದು. ಎಲ್ಲಿ ಕಲ್ಲು ಎಬ್ಬಿಸಬಹುದು, ಎಲ್ಲಿ ಎಬ್ಬಿಸಬಾರದು ಎನ್ನುವುದು ಅವನಿಗೆ ಬಾಯಿಪಾಠ.

"ಇಲ್ಲಿಂದ ಆ ಜಾಲಿಗಿಡದ ಮಟ ಕಣ್ಣಿನ ಸಾಲು ಕಣ್ರಿ, ಮುಟ್ಟಬಾರ್ದು. ಆಮ್ಯಾಲೆ ಇಪ್ಪತ್ತು ಮಾರು ಒಳ್ಳೇದು. ಮತ್ತೆ ಕಣ್ಣು. ಮತ್ತೆ ಒಳ್ಳೇದು. ಆ ಹುತ್ತದ ತಾವ ಇನ್ನೊಂದು ಸಾಲು. ಒಟ್ಟು ಮೂರು."

ಮೂರು. ಅಳೆದು ನೋಡಿದರೆ ಅವನು ಹೇಳಿದ ಜಾಗಕ್ಕೂ ನನ್ನ ಟೇಪಿಗೂ ಒಂದು ಮೊಳ ಹೆಚ್ಚುಕಮ್ಮಿ ಇಲ್ಲ.

ಹಿಮದ ಹಾಸು ಮೂರು ಸಲ ಈ ನೀರಿನ ಅಂಚಿಗೆ ಬಂದಿದೆ. ಬಂದಾಗೆಲ್ಲ ಅದರಿಂದ ಮುರಿದ ಗಡ್ಡೆಗಳು ತೇಲಿ ಬಂದು ಹರಳು ಉದುರಿಸಿವೆ. ಹಿಂದೆ ಸರಿದಾಗ ಹರಳು ನಿಂತು ಬರೀ ನುಣ್ಣನೆ ಕೆಸರು ಕೂತಿದೆ. ಮೂರನೆಯ ಸಾಲಿನಲ್ಲಿ ಹರಳು ದೊಡ್ಡವು, ಒತ್ತೊತ್ತಾಗಿವೆ. ಕೊನೆಯ ಸಲ ಹಿಮ ಎಲ್ಲಕ್ಕಿಂತ ಹತ್ತಿರ ಬಂದಿತ್ತೇನೋ. ಇತ್ತು ಎಂದು ಹೇಳುವುದೇ ದೊಡ್ಡದು ಅಂದುಕೊಂಡಿದ್ದೆ, ಈಗ ಅದು ಹೋದದ್ದೂ ಬಂದದ್ದೂ ನಮ್ಮ ಹಳ್ಳದಲ್ಲಿ ಓದಲಿಕ್ಕೆ ಸಿಗುತ್ತಿದೆ.

ಬೊಮ್ಮಕ್ಕನಿಗೆ ಹೇಳಿದೆ. ಸ್ವಲ್ಪ ಯೋಚಿಸಿ, "ಅಂಗಾರೆ ನಾವು ಮಸಿಯೋದು ಗಡ್ಡೆ ಊರಾಗೆ ಇಲ್ಲದಾಗಿನ ಕೆಸರಿನಾಗೆ" ಎಂದಳು. ಇದಕ್ಕಿಂತ ಚೆನ್ನಾಗಿ ನಾನು ಬರೆಯಲಾರೆ. ನಕ್ಷೆ ತಿಂದ ಟಗರು ಪಕ್ಕದಲ್ಲೇ ಮಲಗಿತ್ತು, ಅದಕ್ಕೆ ನನ್ನ ಡಬ್ಬಿಯ ಚಪಾತಿ ಕೊಟ್ಟೆ.

೧೮ ಮಾರ್ಚ್, ಭಾನುವಾರ

ಸರ್ ಬಂದರು. ಕೋಷ್ಟಕ ನೋಡಿದರು. ಎರಡು ಕಾಲಂ ಇದೆ. ಒಂದರ ತಲೆಯ ಮೇಲೆ "ಮಸೂರದಿಂದ", ಇನ್ನೊಂದರ ಮೇಲೆ "ಬೊಮ್ಮಕ್ಕ, ಹೆಬ್ಬೆರಳಿನಿಂದ". ಸರ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಪರೀಕ್ಷೆ ಮಾಡೋಣವೇ?"

"ಮಾಡಿ ಸರ್."

ತಾವೇ ಗುಡ್ಡೆಯಿಂದ ಹನ್ನೆರಡು ಚಪ್ಪಡಿ ಆರಿಸಿದರು. ನಂಬರು ಹಾಕಿದರು. ಮರೆಯಲ್ಲಿ ಕೂತು ಒಂದೊಂದನ್ನೂ ಮಸೂರದಲ್ಲಿ ನೋಡಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಒಂದೊಂದಾಗಿ ಬೊಮ್ಮಕ್ಕನ ಕೈಗೆ ಕೊಟ್ಟರು. ಅವಳು ತೊಡೆಯ ಮೇಲಿಟ್ಟು ಸವರುವುದು, "ಇದು ಮೂಡ್ಲ" ಎಂದು ಆ ಬದಿಯನ್ನು ತಟ್ಟುವುದು. ಸರ್ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ವಿಚಿತ್ರವೆಂದರೆ ನನಗೆ ಹೆದರಿಕೆ ಆಗಲಿಲ್ಲ, ಅವಳ ಹೆಬ್ಬೆರಳನ್ನು ನೋಡುವುದರಲ್ಲೇ ಇದ್ದೆ.

ಒಂಬತ್ತನೆಯದಕ್ಕೆ ಅವಳು ನಿಲ್ಲಿಸಿದಳು. ಎರಡು ಬದಿ ಸವರಿದಳು, ಅಂಚು ಸವರಿದಳು, ಉಗುರಿನಿಂದ ಕೆರೆದು ಮೂಸಿದಳು.

"ಇದು ನಮ್ಮ ಹಳ್ಳದ್ದಲ್ಲ ಬಿಡ್ರಿ. ಎಲ್ಲಿಂದ ತಂದ್ರಿ ಸ್ವಾಮಿ?"

ಸರ್ ಪೆನ್ನು ಕೆಳಗಿಟ್ಟರು. "ಹಿರಿಯೂರು ರಸ್ತೆಯ ಬದಿಯಿಂದ" ಎಂದರು. ಹನ್ನೆರಡರಲ್ಲಿ ಒಂದನ್ನು ತೆಗೆದು ಆ ಜಾಗಕ್ಕೆ ತಮ್ಮ ಚೀಲದಿಂದ ಒಂದನ್ನು ಸೇರಿಸಿದ್ದರಂತೆ.

ಉಳಿದ ಹನ್ನೊಂದೂ ಅವರ ನೋಟ್‌ಬುಕ್ಕಿಗೆ ಕೂಡಿದವು. ಕೂಡಿದ ಮೇಲೆ ತಾವೇ ಕಣ್ಣು ಮುಚ್ಚಿಕೊಂಡು ಸವರಿ ನೋಡಿದರು. ಹನ್ನೊಂದರಲ್ಲಿ ಐದು ಸರಿಯಾಯಿತು.

ಅಲ್ಲಿಗೂ ಬಿಡಲಿಲ್ಲ. "ಬೇಲಿ ಸಾಕು. ಹಳ್ಳದ ಗೋಡೆಯಲ್ಲೇ ಇರುವ ಒಂದು ಬೇಕು" ಎಂದರು. ಬೊಮ್ಮಕ್ಕ ನನ್ನ ಭುಜ ಹಿಡಿದು ಹಳ್ಳಕ್ಕೆ ಇಳಿದಳು. ಮೂರನೇ ಸಾಲಿನಲ್ಲಿ ಕೈಯಾಡಿಸುತ್ತಾ ಹೋಗಿ ಒಂದು ಕಡೆ ನಿಂತು, "ಇದರಾಗೈತೆ ನೋಡು" ಎಂದಳು. ಸರ್ ಮೂಡಲ ಬದಿಗೆ ತಾವೇ ಗುರುತು ಹಾಕಿದರು. ಪಾಲಯ್ಯ ಉಳಿ ಇಟ್ಟು ನನ್ನ ಸುತ್ತಿಗೆಯಿಂದ ಹೊಡೆದು ಚಪ್ಪಡಿಯನ್ನು ಎಬ್ಬಿಸಿದ. ಅಡ್ಡ ಒಡೆಯುವ ಮೊದಲು ನಾನು ಹೇಳಿದೆ, "ಪಡುವಲ ಬದಿಗೆ ಕುಸಿದಿರುತ್ತದೆ ಸರ್. ಇಲ್ಲದಿದ್ದರೆ ನಾಳೆಯಿಂದ ತಾಮ್ರ."

ಒಂದೇ ಏಟಿಗೆ ಒಡೆಯಿತು. ಹ್ಞಾ, ಕಣ್ಣು ನಡುಮಧ್ಯೆ ಸೀಳಿಕೊಂಡಿತ್ತು. ಪಡುವಲಿಗೆ ಪದರಗಳು ಹರಿದು ಕುಸಿದಿದ್ದವು, ಮೂಡಲಿಗೆ ಹೊದಿಕೆ.

ಸರ್ ಬಹಳ ಹೊತ್ತು ನೋಡಿದರು. ಆಮೇಲೆ ಹಟ್ಟಿಗೆ ಬಂದು ಬೊಮ್ಮಕ್ಕನ ಕಂಬಳಿಯ ಮೇಲೆ ಕೂತು ಎರಡು ಲೋಟ ಮಜ್ಜಿಗೆ ಕುಡಿದರು. ಕರ್ಚೀಫು ಜೇಬಿನಲ್ಲೇ ಇತ್ತು. ಎದ್ದಾಗ ಪ್ಯಾಂಟಿನ ತುಂಬ ಉಣ್ಣೆ.

೩೦ ಮಾರ್ಚ್, ಶುಕ್ರವಾರ

ಪ್ರಬಂಧದ ಮೂರು ಪ್ರತಿ ಹೊತ್ತು ವಿಶ್ವವಿದ್ಯಾಲಯಕ್ಕೆ ಹೋದೆ. ನಾಳೆ ಕೊನೆಯ ದಿನ. ಸರ್ ಪುಟ ತಿರುವುತ್ತಾ ಕೋಷ್ಟಕದ ಹತ್ತಿರ ನಿಂತರು.

"ಎಲ್ಲ ಸರಿಯಾಗಿದೆ. ಈ ಎರಡನೇ ಕಾಲಂ ಮಾತ್ರ ತೆಗೆದುಬಿಡಿ. ಹೊರಗಿನ ಪರೀಕ್ಷಕರು ನಗುತ್ತಾರೆ. ಮಸೂರದ್ದೊಂದೇ ಸಾಕು, ಒಂದು ಪುಟ ತಾನೇ, ಇಲ್ಲೇ ಕೂತು ಟೈಪ್ ಮಾಡಿಸಿ. ಸಹಿ ಹಾಕುತ್ತೇನೆ."

"ನಗಲಿ ಸರ್. ಅದು ಇರುತ್ತದೆ."

"ಸಹಿ ಬೇಡವೇ?"

"ಬೇಕು. ಆದರೆ ಮೂಡಲ ಯಾವುದು ಎಂದು ನನಗೆ ಹೇಳಿಕೊಟ್ಟವರು ಅವರು. ಮಸೂರ ಹಿಡಿದು ನೋಡಿದ್ದು ಆಮೇಲೆ. ಹಿಂದು ಮುಂದು ಮಾಡಿ ಬರೆದರೆ ಸುಳ್ಳಾಗುತ್ತದೆ. ಆ ಕಾಲಂ ಇಲ್ಲದ ಪ್ರಬಂಧ ನನ್ನದಲ್ಲ."

ಬಸ್ಸು ಎಷ್ಟು ಹೊತ್ತಿಗಿದೆ ಎಂದು ಯೋಚಿಸುತ್ತಿದ್ದೆ. ಸರ್ ಪೆನ್ನಿನ ಟೋಪಿ ತೆಗೆದರು. ಮೊದಲ ಪುಟದಲ್ಲಿ ಸಹಿ ಹಾಕಿದರು. ಕೋಷ್ಟಕದ ಪುಟಕ್ಕೆ ತಿರುವಿ, ಎರಡನೇ ಕಾಲಮ್ಮಿನ ಕೆಳಗೆ ತಮ್ಮ ಕೈಬರಹದಲ್ಲಿ ಒಂದು ಸಾಲು ಬರೆದರು. "ನಾನು ಸ್ವತಃ ಪರೀಕ್ಷಿಸಿದ್ದೇನೆ. ಹನ್ನೆರಡಕ್ಕೆ ಹನ್ನೆರಡು." ಮೂರು ಪ್ರತಿಯಲ್ಲೂ ಬರೆದರು.

೧ ಏಪ್ರಿಲ್, ಭಾನುವಾರ

ಹಟ್ಟಿಗೆ ಹೋಗಿ ಬಂದೆ.

"ಪಾಸಾತಾ?" ಬೊಮ್ಮಕ್ಕ ಕೇಳಿದಳು.

"ಒಳಗೆ ಹೋಗಿದೆ. ಪಾಸಾಗುತ್ತೇವೆ" ಎಂದೆ.

ಸೆರಗಿನೊಳಗಿಂದ ಒಂದು ಕಲ್ಲು ತೆಗೆದುಕೊಟ್ಟಳು. "ಅವತ್ತು ಕೊಡ್ತೀನಿ ಅಂದಿದ್ನಲ್ಲ. ಎರಡು ತಿಂಗ್ಳು ಹುಡುಕಿದೆ. ಒಂದೂ ಕಣ್ಣಿಲ್ಲ. ಯಾವ ಮಕ ಅಂತ ನೀನೇ ಹೇಳು ನೋಡಾಣ."

ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಸವರಿದೆ. ತಿರುವಿ ಸವರಿದೆ. ಹೇಳಿದೆ. ಬೊಮ್ಮಕ್ಕ ತಾನೊಮ್ಮೆ ಸವರಿ ನೋಡಿ, ನಾನು ಹೇಳಿದ ಬದಿಯನ್ನೇ ತಟ್ಟಿ, ಕಲ್ಲನ್ನು ನನ್ನ ಕೈಗೇ ವಾಪಸು ಇಟ್ಟಳು.

ಮನೆಗೆ ಬಂದಾಗ ಇವರು ಬಾಗಿಲಲ್ಲೇ ಇದ್ದರು. "ಎಷ್ಟು ಐಸ್ ಸಿಕ್ತೇ?" ಕಲ್ಲನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಮೂಡಲ ಮುಖ ಮೇಲೆ ಮಾಡಿ ಇಟ್ಟು, ಈಳಿಗೆಯ ಅಲಗನ್ನು ಬಿಚ್ಚಿ ಮಸೆಯುತ್ತಾ ಹೇಳಿದೆ, "ಇದು ಐಸ್ ಹಿಂದೆ ಸರಿದ ಕಾಲದ್ದು. ಸೌತೆಕಾಯಿ ತಂದಿದ್ದೀರಾ?"